ಅರಿಷಿಣ ಕುಂಕುಮದ ಬಾಬ್ತು

ಗೆಳತಿ ಪೂನಮ್ ಸಮೀಕ್ಷೆಗೆಂದು ಸುಜಾತಾಳ ಮನೆಗೇ ಬಂದ ರವಿವಾರ, ಸುಜಾತಾಳಿಗೆ ಎಲ್ಲಿ ಕೂಡಬೇಕೋ ತಿಳಿಯಲಿಲ್ಲ. ಪಡಸಾಲೆಯಲ್ಲಿ ಕೂತರೆ ಉತ್ತರ ಹೇಳಿಕೊಟ್ಟಂತೆ, ಒಳಗೆ ಹೋದರೆ ಗೆಳತಿಗೆ ಮುಖ ತಪ್ಪಿಸಿದಂತೆ. ಕಡೆಗೆ ಅಡುಗೆಮನೆಯ ಹೊಸ್ತಿಲ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ, ಬಳ್ಳುಳ್ಳಿ ಸುಲಿಯುವ ನೆಪ ಮಾಡಿಕೊಂಡು ಕೂತಳು.

"ಹೊಸ್ತಲದ ಮ್ಯಾಲ ಕುಂದರಬ್ಯಾಡ," ಎಂದಳು ಒಳಗಿನಿಂದ ಅವ್ವ ಬಾಳವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ. ಸುಜಾತಾ ಒಂದು ಗೇಣು ಒಳಗೆ ಸರಿದಳು.

ಇಬ್ಬರು ಹುಡುಗಿಯರದೂ ಒಂದೇ ನೌಕರಿ. ಧಾರವಾಡದ ಒಂದು ಸಂಸ್ಥೆಯವರು ಹೆಣ್ಣು ಗಂಡಿನ ನಡುವಿನ ಆರ್ಥಿಕ ಅಂತರದ ಮೇಲೆ ಸಂಶೋಧನೆ ಹಚ್ಚಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರು ತಾಲೂಕು, ಮೂರು ತಿಂಗಳು. ಈ ಭಾಗದಲ್ಲಿ ಯಾರ ಹೆಸರಿನಲ್ಲಿ ಏನಿದೆ, ಯಾರ ಕೈಗೆ ಎಷ್ಟು ಬರುತ್ತದೆ ಎಂದು ಮನೆಮನೆಗೆ ಹೋಗಿ ಕೇಳಿದವರೇ ಇಲ್ಲ, ಅದಕ್ಕೇ ನೀವು ಹೋಗಬೇಕು ಎಂದು ತರಬೇತಿಯಲ್ಲಿ ಮೇಡಂ ಹೇಳಿದ್ದರು. ಸ್ವಂತ ಊರಿನಲ್ಲಿ ಕೇಳುವಂತಿಲ್ಲ ಎಂಬುದು ನಿಯಮ. ಹಾಗಾಗಿ ದಡ್ಡಿಯ ಸುಜಾತಾಳಿಗೆ ಕೊಣ್ಣೂರು ಮತ್ತು ಗೋಕಾಕ ಫಾಲ್ಸ್ ಬಂದವು, ಮೂಡಲಗಿಯ ಪೂನಮ್‌ಗೆ ದಡ್ಡಿ.

ಪೂನಮ್ ಒಪ್ಪಿಗೆ ಪತ್ರವನ್ನು ಮೊದಲಿಂದ ಕಡೆತನಕ ಗಟ್ಟಿಯಾಗಿ ಓದಿದಳು. ಸಹಿಗೆ ಮೊದಲು ಪೂರ್ತಿ ಓದಿ ಹೇಳಬೇಕು, ಇದು ಎರಡನೇ ನಿಯಮ. ಬಾಳವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು, ಮಗಳು ಕಲಿಸಿದ್ದ ಮೂರು ಅಕ್ಷರ ಬರೆದು ಮತ್ತೆ ಒಲೆಯ ಮುಂದೆ ಹೋದಳು.

"ಪ್ರಶ್ನೆ ಹೆಣ್ಣಮಕ್ಕಳನ್ನ ಕೇಳಬೇಕ್ರಿ," ಎಂದಳು ಪೂನಮ್.

"ಕೇಳ್ರಿ, ನಾ ಹೇಳ್ತೇನಿ," ಎಂದ ಸುಜಾತಾಳ ಅಣ್ಣ ಶ್ರೀಶೈಲ. ಅವನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಕಾಶಿನಾಥ ಕಾಕಾ ನಡುವೆ ಬಾಯಿ ಹಾಕಿದ. ಸತ್ತ ಅಪ್ಪ ಮುರಿಗೆಪ್ಪನ ತಮ್ಮ, ಬಾಜೂ ಮನೆಯವ, ಕಚೇರಿ ಕೆಲಸವೆಲ್ಲ ಬಲ್ಲವ. "ಮೂಡಲಗ್ಯಾಗ ಯಾವ ಓಣಿ ನಿಮ್ಮದು?"

ಪೂನಮ್ ಓಣಿಯ ಹೆಸರು ಹೇಳಿದಳು. ಕಾಕಾ ಹೂಂ ಎಂದ. ಸ್ವಲ್ಪ ಹೊತ್ತಿಗೆ ಶ್ರೀಶೈಲನ ಹೆಂಡತಿ, ವೈನಿ ಲಕ್ಷ್ಮೀ ಚಹಾ ತಂದಳು. ಎಲ್ಲರಿಗೂ ಸ್ಟೀಲಿನ ಕಪ್ಪು, ಪೂನಮ್‌ಗೆ ಕಾಗದದ್ದು. ಪೂನಮ್ ಕುಡಿದು ಕಪ್ಪನ್ನು ಮಡಚಿ ತನ್ನ ಚೀಲದಲ್ಲೇ ಇಟ್ಟುಕೊಂಡಳು. ಸುಜಾತಾ ಬಳ್ಳುಳ್ಳಿಯ ಮೇಲಿಂದ ಕಣ್ಣೆತ್ತಲಿಲ್ಲ.

"ಹದಿನೇಳನೇ ಪ್ರಶ್ನೆರಿ. ಈ ಮನಿಯ ಯಾವುದೇ ಹೆಣ್ಣಮಗಳ ಹೆಸರಿನ್ಯಾಗ ಜಮೀನು ಐತೇನು?" ಪೂನಮ್ ದನಿ ಏರಿಸಿದ್ದು ಒಳಗೆ ಕೇಳಲೆಂದು.

"ನನಗೇನ್ ತಿಳೀತೈತವ್ವಾ, ಅಂವನ್ನ ಕೇಳು," ಎಂದಳು ಬಾಳವ್ವ.

"ಇಲ್ಲ ಅಂತ ಬರಕೋರಿ," ಎಂದ ಶ್ರೀಶೈಲ.

ಅವತ್ತು ರಾತ್ರಿಯ ಊಟಕ್ಕೆ ಪುಂಡಿಪಲ್ಯ, ರೊಟ್ಟಿ. ಎರಡನೇ ರೊಟ್ಟಿ ಮುರಿಯುತ್ತ ಶ್ರೀಶೈಲ ಹೇಳಿದ, "ಪಂಚಮಿಕ್ಕಿಂತ ಮೊದಲ ಹುಕ್ಕೇರಿಗೆ ಹೋಗಿ ಆ ಕಾಗದ ಮುಗಸೂಣು. ಸುಜಿ, ಒಂದ ದಿನ ರಜಾ ಹಾಕು."

ನದಿಯ ದಂಡೆಯ ಮೂರೂವರೆ ಎಕರೆ ಕಬ್ಬಿನ ಹೊಲ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ಹೋಗಿ ವರ್ಷವಾಯಿತು. ಎಂಟು ಮಂದಿ ಕೂಡಿ ನದಿಯಿಂದ ಪೈಪ್‌ಲೈನ್ ಹಾಕಿಸುವವರಿದ್ದರು. ಉತಾರ, ಅಂದರೆ ಹೊಲದ ಪಹಣಿ, ಒಬ್ಬನ ಹೆಸರಿನಲ್ಲಿದ್ದರೆ ಚಲೋ ಎಂದು ಅವರು ಹೇಳಿದ್ದರಂತೆ. ಅಪ್ಪನ ಹೆಸರು ತೆಗೆಯಲು ಎಲ್ಲರೂ ಒಂದು ಸಹಿ ಮಾಡಬೇಕು, ಸುಜಾತಾ ತಿಳಿದುಕೊಂಡದ್ದು ಇಷ್ಟು.

"ಹೂಂ," ಎಂದಳು. ಆ ಮನೆಯಲ್ಲಿ ಅವಳು ಹೆಚ್ಚಾಗಿ ಆಡುವ ಮಾತು ಅದೇ.

*

ವಾರದ ದಿನಗಳಲ್ಲಿ ಸುಜಾತಾ ಕೊಣ್ಣೂರಿನಲ್ಲಿ ಅಪ್ಪನ ಅಕ್ಕ ರುದ್ರವ್ವತ್ತಿಯ ಮನೆಯಲ್ಲಿ ಇರುತ್ತಿದ್ದಳು. ಮುಂಜಾನೆ ಶೇಂಗಾ ಹಿಂಡಿ, ಎರಡು ರೊಟ್ಟಿ ಕಟ್ಟಿಕೊಂಡು ಹೊರಟರೆ ದಿನಕ್ಕೆ ನಾಲ್ಕು ಮನೆ. ಗುರುತಿಲ್ಲದವರ ಮುಂದೆ ಬಾಯಿ ಬಿಡಲು ಮೊದಲ ವಾರ ಅವಳಿಗೆ ಬೆವರು ಬಂದಿತ್ತು. ಆಮೇಲೆ ಒಂದು ಉಪಾಯ ಸಿಕ್ಕಿತು. ಒಪ್ಪಿಗೆ ಪತ್ರ ಓದುವಾಗ ದನಿ ನಡುಗುತ್ತಿರಲಿಲ್ಲ. ಅವು ಬೇರೆಯವರು ಬರೆದ ಮಾತು, ತಾನು ಓದುವವಳು ಮಾತ್ರ. ಆ ಓದುವ ದನಿಯನ್ನೇ ಹಿಡಿದುಕೊಂಡು ಉಳಿದ ಪ್ರಶ್ನೆಗಳನ್ನೂ ದಾಟುತ್ತಿದ್ದಳು.

ಹದಿನೇಳಕ್ಕೆ ಹೆಚ್ಚಿನವರದು ಇಲ್ಲ. ಅದರ ಕೆಳಗೆ ಒಂದು ಉಪಪ್ರಶ್ನೆ: ಎಂದಾದರೂ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದೀರಾ?

"ಮಾಡೇನ್ರಿ. ಯಾತಕ್ಕೋ ಗೊತ್ತಿಲ್ಲ."

"ಮಾಡೇನವ್ವಾ, ಅಣ್ಣ ಗಾಡಿ ತಂದು ಕರಕೊಂಡ ಹೋದ. ಬರೂವಾಗ ಹೊಟೇಲದಾಗ ಪುರಿ ತಿನಿಸಿದ."

ಸುಜಾತಾ ಹೌದು ಎಂಬ ಚೌಕದಲ್ಲಿ ಗುರುತು ಹಾಕುತ್ತಿದ್ದಳು. ಪುರಿಗೆ ಚೌಕ ಇರಲಿಲ್ಲ. ಅದನ್ನು ಸಂಜೆ ತನ್ನ ಡೈರಿಯಲ್ಲಿ ಬರೆದಳು.

ರುದ್ರವ್ವತ್ತಿಯೂ ಹನ್ನೊಂದು ವರ್ಷದ ಹಿಂದೆ ಅದೇ ಹುಕ್ಕೇರಿ ಕಚೇರಿಯಲ್ಲಿ ತವರಿನ ಹೊಲದ ಹಕ್ಕು ಬಿಟ್ಟು ಹೆಬ್ಬೆಟ್ಟು ಒತ್ತಿದವಳು. ಅದಕ್ಕೆ ಸಿಕ್ಕ ಸೀರೆ ಇನ್ನೂ ಟ್ರಂಕಿನಲ್ಲಿತ್ತು, ತೆಗೆದು ತೋರಿಸಿದಳು. ಇಳಕಲ್ಲಿನದು, ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗಿತ್ತು.

"ಕಾಗದ ಓದಿಸಿದ್ದೇನತ್ತಿ?"

"ಓದೂದೇನು! ಕಾಶ್ಯಾ ಬಟ್ಟ ಇಟ್ಟ ತೋರಿಸಿದ, ನಾ ಒತ್ತಿದೆ. ಮನಿಗೆ ಬಂದು ಉಡಿ ತುಂಬಿದ್ರು. ಅಕ್ಕಿ, ಕೊಬ್ಬರಿ ಬಟ್ಟಲಾ, ಕುಪ್ಪಸದ ಖಣಾ, ಮ್ಯಾಲ ಈ ಸೀರಿ."

"ಎಕರೆಕ್ಕ ಎಷ್ಟ ಐತಿ ಗೊತ್ತೇನು ಈಗ?"

"ಗೊತ್ತಿಲ್ಲೇನು? ನಾ ಏನ್ ಹುಚ್ಚಿ ಅಂತ ತಿಳದಿಯೇನು?" ಅತ್ತಿ ಸೀರೆ ಮಡಚಿ ಟ್ರಂಕು ಮುಚ್ಚಿದಳು. "ಹಿಂದಿನ ಓಣಿ ಆಕಿ ಕೋರ್ಟಿಗೆ ಹೋಗಿ ತನ್ನ ಪಾಲಿನ ವಾಟಣಿ ಕೇಳಿದ್ಲು. ಗಂಡ ಸತ್ತಾಗ ಒಬ್ಬ ತಮ್ಮನರ ಬಂದನೇನು ಹೆಗಲ ಕೊಡಾಕ? ನನ್ನ ಪಂಚಮಿಗೆ ಕರೀತಾರ. ಹನ್ನೊಂದ ವರ್ಷ, ಒಂದೂ ತಪ್ಪಿಲ್ಲ. ನಾ ಹೊಲಾ ಕೊಟ್ಟು ಬಾಗಲಾ ತಗೊಂಡೇನಿ. ಒಂದಿನ ನಿನ್ನನ್ನೂ ಕೇಳ್ತಾರ. ಆಗ ಸಹಿ ಮಾಡು, ತವರಮನಿ ಇಟಗೋ. ನಾಳೆ ಗಂಡ ಹೆಂಗ ಬರ್ತಾನೋ ಯಾರಿಗ್ಗೊತ್ತು."

ಅದೂ ಸುಳ್ಳಲ್ಲ ಎನಿಸಿತು ಸುಜಾತಾಳಿಗೆ.

*

ಜುಲೈ ಮುಗಿಯುವ ಹೊತ್ತಿಗೆ ಮೇಡಂ ಹೊಸ ಕೆಲಸ ಹಚ್ಚಿದರು. ಹತ್ತು ಮನೆಗೆ ಒಂದರಂತೆ ಉತಾರ ತೆಗೆಸಿ, ಹೇಳಿದ್ದಕ್ಕೂ ಬರೆದಿದ್ದಕ್ಕೂ ತಾಳೆ ನೋಡಬೇಕು. ಗುರುವಾರ ಮಧ್ಯಾಹ್ನ, ಸುಜಾತಾ ಫಾಲ್ಸಿನ ಗಿರಣಿ ಚಾಳಿನ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿದ್ದಳು, ಪೂನಮ್ ಫೋನು ಬಂತು.

"ಮಾಲಕರು ಮಾತಾಡಾಕತ್ತಾರೇನ್ರಿ?"

"ಯಾವ ಮಾಲಕರು ಬೇ?"

"ನೀನ! ನಿಮ್ಮ ಮನಿ ನಂಬರ ಚೀಟ್ಯಾಗ ಬಿತ್ತು, ಉತಾರ ತಗಿಸಿದೆ. ತಲಾಟಿ ವಾರಸದಾರರ ಹೆಸರ ಹಚ್ಚಿ ಆರ ತಿಂಗಳಾತು. ಮೂರ ಹೆಸರ ಅದಾವ. ನಿಮ್ಮ ಅವ್ವ, ನಿಮ್ಮ ಅಣ್ಣ, ನೀನು. ನಿಮ್ಮ ಅಪ್ಪನ ಹೆಸರ ಇಲ್ಲೇ ಇಲ್ಲ."

ಸುಜಾತಾ ಮುರಿದ ರೊಟ್ಟಿಯನ್ನು ಬುತ್ತಿಯಲ್ಲೇ ಇಟ್ಟಳು. ಅಪ್ಪನ ಹೆಸರು ಆಗಲೇ ತೆಗೆದಿದ್ದರೆ, ಪಂಚಮಿಗೆ ಮೊದಲು ತೆಗೆಯಬೇಕಾದದ್ದು ಯಾರ ಹೆಸರು?

"ನನ್ನ ಫಾರ್ಮಿನ್ಯಾಗ ಇಲ್ಲ ಅಂತ ಐತಿ," ಎಂದಳು ಪೂನಮ್, ನಗು ಬಿಟ್ಟು. "ನಾ ಮತ್ತೊಮ್ಮೆ ಬಂದು ಕೇಳಿ ತಿದ್ದಬೇಕು. ಪಂಚಮಿ ಆದಮ್ಯಾಲ ಬರ್ತೇನಿ. ಅಷ್ಟರಾಗ ಏನ್ ಉತ್ತರ ಇರತೈತಿ ನೋಡ್ಕೋ."

*

ರವಿವಾರ ಮನೆಯಲ್ಲಿ ಝುಣಕ, ರೊಟ್ಟಿ, ಮೊಸರು. ಮಾತು ಹೇಗೆ ಎತ್ತಬೇಕೆಂದು ಸುಜಾತಾ ಎರಡು ದಿನ ಯೋಚಿಸಿದ್ದಳು. ಕಡೆಗೆ ಬಾಯಿಂದ ಬಂದದ್ದು ಇಷ್ಟು:

"ಅಣ್ಣಾ, ಉತಾರದಾಗ ಮೂರ ಹೆಸರ ಅದಾವಂತ."

ಶ್ರೀಶೈಲ ತಾಟಿನಿಂದ ತಲೆ ಎತ್ತಿದ. "ಅದಾವ. ಅದಕ್ಕ ಅಲ್ಲೇನು ಹುಕ್ಕೇರಿಗೆ ಹೋಗೂದು?"

"ಅಪ್ಪನ ಹೆಸರ ತಗ್ಯಾಕ ಅಂದಿದ್ದಿ."

"ನಾ ಎಲ್ಲಿ ಅಂದೆ? ಕಾಗದ ಮುಗಸೂಣು ಅಂದೆ. ಕಬ್ಬಿನ ಪರ್ಮಿಟ್ಟಿಗೆ ಮೂರ ಸಹಿ, ಕರೆಂಟಿಗೆ ಮೂರ ಸಹಿ, ಈಗ ನೀರಿಗೆ ಮೂರ ಸಹಿ. ನೀ ಕೊಣ್ಣೂರಾಗ, ಅವ್ವ ದನದ ಹಿಂದ. ನಾ ಯಾರ್ಯಾರ ಹಿಂದ ಕಾಗದ ಹಿಡಕೊಂಡ ಅಡ್ಡಾಡ್ಲಿ? ಹೊಲದಾಗ ದುಡಿಯಾಂವ ಯಾರು?"

"ಮತ್ತ ಪೂನಮ್ಮಗ ಇಲ್ಲ ಅಂದಿ."

"ಇಲ್ಲದಂಗ ಆಗೂದ ಐತಿ ಅಂತ ಅಂದೆ!"

ಲಕ್ಷ್ಮೀ ಮೊಸರು ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನನ್ನ ತವರಾಗ ನಾ ಮಾಡಿಲ್ಲೇನು ಸಹಿ? ಎರಡ ವರ್ಷ ಆತು. ಐದ ಎಕರೆ ಇತ್ತು ಅಲ್ಲೆ. ಒಂದ ಮಾತ ಆಡಲಿಲ್ಲ ನಾ. ನಂದು ನಮ್ಮ ಅಣ್ಣಗ ಹೋತು, ನಿಂದು ನಿಮ್ಮ ಅಣ್ಣಗ ಬರ್ಲಿ. ಲೆಕ್ಕ ಸಮ ಆಗತೈತಿ. ನೀನೂ ಕೊಡಂಗಿಲ್ಲ ಅಂದ್ರ ಈ ಮನ್ಯಾಗ ನಾ ಎರಡೂ ಕಡೆ ಕಳಕೊಂಡಂಗ."

ವೈನಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೂ ಎಲ್ಲೋ ಸರಿಯಿರಲಿಲ್ಲ.

ಆ ಹೊತ್ತಿಗೆ ಕಾಶಿನಾಥ ಕಾಕಾ ಬಂದ, ಬಗಲಲ್ಲಿ ಒಂದು ಪೊಟ್ಟಣ. "ಸೀರಿ ತಂದೇನಿ. ಗೋಕಾಕದಾಗ ನಾನ ನಿಂತ ಆರಿಸಿದೆ." ಬಿಚ್ಚಿ ತೋರಿಸಿದ. ಗಿಳಿಹಸಿರು, ಕೆಂಪು ಅಂಚು. ಚಲೋ ಸೀರೆಯೇ.

"ಒಂದ ತಂದೀರಿ," ಎಂದಳು ಸುಜಾತಾ.

"ಮತ್ತೆಷ್ಟ ಬೇಕ?"

"ಅವ್ವಂದೂ ಸಹಿ ಐತೆಲ್ಲರಿ ಕಾಕಾ."

ಕಾಕಾ ನಗಾಡಿದ. "ಹುಚ್ಚಿ! ಉಡಿ ತುಂಬೂದು ಮನಿ ಮಗಳಿಗೆ. ಗಂಡ ಇಲ್ಲದಾಕಿಗೆ ಯಾರರ ಉಡಿ ತುಂಬ್ತಾರೇನು?"

ಬಾಳವ್ವ ಒಲೆಯ ಮುಂದಿನಿಂದ ಎದ್ದು, ಎಮ್ಮೆ ಹಿಂಡುವ ಹೊತ್ತಾಯಿತೆಂದು ಚರಿಗೆ ತೆಗೆದುಕೊಂಡು ಹಿತ್ತಲಿಗೆ ಹೋದಳು.

ಸುಜಾತಾ ಹಿಂದೆಯೇ ಹೋದಳು. ಎಮ್ಮೆ ಬಾಳವ್ವನ ತವರಿನಿಂದ ಬಂದ ತಳಿಯದು. ಇಪ್ಪತ್ತೆರಡು ವರ್ಷದಿಂದ ಅವಳು ಡೇರಿಗೆ ಹಾಲು ಹಾಕುತ್ತಿದ್ದಳು, ಒಂದು ಹನಿ ನೀರು ಬೆರೆಸಿದವಳಲ್ಲ. ಒಮ್ಮೆ ಬೇಸಿಗೆಯಲ್ಲಿ ಮುರಿಗೆಪ್ಪ ಅರ್ಧ ಚರಿಗೆ ನೀರು ಸುರಿದದ್ದು ಕಂಡು, ಅಷ್ಟೂ ಹಾಲನ್ನು ಗಂಡನ ಕಣ್ಣೆದುರೇ ಗಟಾರಕ್ಕೆ ಚೆಲ್ಲಿದ್ದಳು. ಆ ಕಥೆಯನ್ನು ಡೇರಿಯವರು ಇನ್ನೂ ಹೇಳುತ್ತಾರೆ.

"ಅವ್ವಾ, ನೀ ಏನ್ ಮಾಡ್ತಿ?"

"ಮಾಡ್ತೇನಿ ಸಹಿ. ಉಣ್ಣೂದು ಅಂವನ ಮನ್ಯಾಗ."

"ಅಂವನ ಒಬ್ಬನ ಮನಿ ಅಲ್ಲ ಬೇ."

"ಕಾಗದದಾಗ ಇದ್ರ ಹೊಟ್ಟಿ ತುಂಬತೈತೇನು?" ಚರಿಗೆಯಲ್ಲಿ ಹಾಲಿನ ಸದ್ದು ಏರುತ್ತಿತ್ತು. "ನೀ ಮಾಡೂದು ಬಿಡೂದು ನಿನಗ ಬಿಟ್ಟದ್ದು. ನಂದು ಮಾಡ್ತೇನಿ. ಇರೂ ಒಬ್ಬ ಮಗನ ಕೂಡ ನಾ ಜಗಳ ಆಡಾಕಿ ಅಲ್ಲ."

ಅವ್ವ ಮಾಡುವವಳೇ ಆದರೆ ತಾನೊಬ್ಬಳು ಕೆಟ್ಟವಳಾಗುವುದೇಕೆ? ಆ ವಾರ ನೂರಾ ನಲವತ್ತನೇ ಫಾರ್ಮು ತುಂಬಿದ ಸಂಜೆ ಸುಜಾತಾ ಪಂಚಮಿಯನ್ನೂ ಕೂಡಿಸಿ ಒಂದು ವಾರದ ರಜೆಯ ಅರ್ಜಿ ಬರೆದಳು.

*

ಹುಕ್ಕೇರಿಯ ನೋಂದಣಿ ಕಚೇರಿಯ ಎದುರು, ತಗಡಿನ ನೆರಳಿನ ಕೆಳಗೆ ಬಾಂಡ್ ರೈಟರ್ ಶಿದ್ರಾಮನ ಮೇಜು. ಕಾಗದ ಆಗಲೇ ತಯಾರಿತ್ತು. ಶ್ರೀಶೈಲ, ಕಾಕಾ ಮೋಟಾರಸೈಕಲ್ ಮೇಲೆ ಬಂದಿದ್ದರು. ಅವ್ವ, ಮಗಳು ಬಸ್ಸಿಗೆ.

"ಇಲ್ಲೆ ಬಾಳವ್ವನ ಸಹಿ, ಇಲ್ಲೆ ಹುಡಗೀದು," ಎಂದು ಕಾಕಾ ಬೆರಳಿಟ್ಟು ತೋರಿಸಿದ. "ಆಮ್ಯಾಲ ಒಳಗ ಹೋಗಿ ಫೋಟೋ. ಅರ್ಧ ತಾಸಿನ ಕೆಲಸ."

ಶಿದ್ರಾಮ ಪೆನ್ನು ಚಾಚಿದ. ಬಾಳವ್ವ ತೆಗೆದುಕೊಂಡಳು. ಸುಜಾತಾ ಕೈ ಅಡ್ಡ ತಂದದ್ದು ತನಗೇ ತಿಳಿಯಲಿಲ್ಲ. ಎರಡು ತಿಂಗಳಿನಿಂದ ಯಾವ ಹೆಂಗಸು ಪೆನ್ನು ಹಿಡಿದರೂ ಅವಳ ಕೈ ಮೊದಲು ಕಾಗದಕ್ಕೆ ಹೋಗುತ್ತಿತ್ತು.

"ಓದಿ ಹೇಳ್ತೇನ್ರಿ."

"ಓದೂದೇನ್ ಬ್ಯಾಡ," ಎಂದ ಕಾಕಾ. "ಎಲ್ಲಾ ಒಂದ ನಮೂನಿ ಇರತಾವ."

"ಸಹಿಕ್ಕಿಂತ ಮೊದಲ ಪೂರ್ತಿ ಓದಿ ಹೇಳಬೇಕ್ರಿ ಕಾಕಾ."

"ಇದೇನ್ ನಿನ್ನ ಸರ್ವೇ ಅಂತ ತಿಳದಿಯೇನು?"

"ಓದಲಿ ಬಿಡು," ಎಂದಳು ಬಾಳವ್ವ. "ಬಸ್ಸಿಗೆ ಇನ್ನಾ ವ್ಯಾಳ್ಯಾ ಐತಿ."

ಸುಜಾತಾ ಓದತೊಡಗಿದಳು. ಅದೇ ದನಿ, ಒಪ್ಪಿಗೆ ಪತ್ರದ ದನಿ. "ಹಕ್ಕು ಬಿಡುಗಡೆ ಪತ್ರ. ಬರೆದುಕೊಡುವವರು: ಒಂದು, ಬಾಳವ್ವ ಗಂಡ ಮುರಿಗೆಪ್ಪ, ವಯಸ್ಸು ಐವತ್ತೆರಡು, ಉದ್ಯೋಗ ಮನೆಗೆಲಸ..."

"ಡೇರಿಗೆ ಹಾಲ ಹಾಕ್ತೇನಲ್ಲ," ಎಂದಳು ಬಾಳವ್ವ.

"ಅದನ್ನೆಲ್ಲಾ ಬರ್ಯಂಗಿಲ್ಲವ್ವಾ," ಎಂದ ಶಿದ್ರಾಮ.

"ಎರಡು, ಸುಜಾತಾ ತಂದೆ ಮುರಿಗೆಪ್ಪ, ವಯಸ್ಸು ಇಪ್ಪತ್ತಮೂರು..." ಸರ್ವೇ ನಂಬರು, ನಾಲ್ಕು ದಿಕ್ಕಿನ ಚೆಕ್ಕುಬಂದಿ ಆಯಿತು. "ಸದರಿ ಜಮೀನಿನಲ್ಲಿ ನಮಗಿರುವ ಸಂಪೂರ್ಣ ಹಕ್ಕನ್ನು, ನಮ್ಮ ಅರಿಷಿಣ ಕುಂಕುಮದ ಬಾಬ್ತು ಸೀರೆ ಕುಪ್ಪಸ ಪಡೆದುಕೊಂಡು, ಯಾರ ಒತ್ತಾಯವೂ ಇಲ್ಲದೆ ಸಂತೋಷದಿಂದ ಬಿಟ್ಟುಕೊಟ್ಟಿರುತ್ತೇವೆ."

"ನಿಂದರು," ಎಂದಳು ಬಾಳವ್ವ. "ಅದನ್ನ ಇನ್ನೊಮ್ಮೆ ಓದು."

ಸುಜಾತಾ ಓದಿದಳು.

"ನಮ್ಮ ಅಂದ್ರ, ನಂದೂ ಬಂತಲ್ಲ ಅದರಾಗ?"

"ಬಂತು ಬೇ."

ಬಾಳವ್ವ ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ಅವಳ ಹಣೆಯ ಮೇಲೆ ವಿಭೂತಿ ಇತ್ತು, ಮತ್ತೇನೂ ಇರಲಿಲ್ಲ. "ಇವರಪ್ಪನ ಮಣ್ಣಿನ ದಿನ ಈ ಹಣಿ ಒರಸಿದ್ರು. ಕಾಶಿನಾಥ, ನೀ ಅಲ್ಲೇ ನಿಂತಿದ್ದಿ. ಈಗ ಆ ಕುಂಕುಮದ ಬಾಬ್ತು ನಾ ಸೀರಿ ತಗೊಂಡೇನಂತ ಬರಸೀರಿ. ಯಾವ ಸೀರಿ? ಎಲ್ಲೈತಿ?"

"ಅದು ಬರೂದ ಹಂಗ ವೈನಿ," ಎಂದ ಕಾಕಾ. "ಹೆಣ್ಣಮಕ್ಕಳ ಕಾಗದಾ ಅಂದ್ರ ಆ ಸಾಲ ಬರತೈತಿ."

"ತಗದ ಹಾಕ್ತೇನ್ರಿ, ಹತ್ತ ಮಿನಿಟಿನ ಕೆಲಸ," ಎಂದ ಶಿದ್ರಾಮ.

"ತಗದು ಏನಂತ ಬರೀತಿ? ಏನೂ ತಗೋಳದ ಕೊಟ್ಟಾಳಂತ ಬರೀತಿಯೇನು?"

"ಹಂಗ ಬರದ್ರ ಒಳಗ ಸಾಹೇಬ್ರು ಕೇಳ್ತಾರ್ರಿ, ಯಾಕ ಅಂತ."

"ಕೇಳ್ಲಿ. ನನಗೂ ಅದ ಕೇಳೂದೈತಿ. ಮತ್ತ ಸಂತೋಷದಿಂದ ಅಂತ ಒಂದೈತಿ, ಅದನ್ನೂ ತಗೀಬೇಕಾಗತೈತಿ ನೀ."

"ಎಲ್ಲಾ ತಗದ್ರ ಕಾಗದದಾಗ ಉಳಿಯೂದೇನ್ರಿ?" ಶಿದ್ರಾಮ ತಲೆ ಕೆರೆದುಕೊಂಡ. "ಸರ್ವೇ ನಂಬರ ಒಂದ ಉಳೀತೈತಿ."

ಬಾಜೂ ಮೇಜಿನವರು ಇತ್ತ ತಿರುಗಿದ್ದರು. ಶ್ರೀಶೈಲ ತಾಯಿಯ ಕಿವಿಯ ಹತ್ತಿರ ಬಂದ. "ಅವ್ವಾ, ಮಂದಿ ನೋಡಾಕತ್ತಾರ. ಒಂದ ಸಹಿ. ನಾ ಏನ್ ನಿನ್ನ ಹೊರಗ ಹಾಕ್ತೇನೇನು?"

"ನೀ ಹಾಕಂಗಿಲ್ಲ. ನನಗ ಗೊತ್ತೈತಿ. ಅದಕ್ಕ ಬಂದೆ." ಬಾಳವ್ವನ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಸುಮ್ಮನ ಸಹಿ ಮಾಡು ಅಂದಿದ್ರ ಮಾಡತಿದ್ದೆ. ಆದ್ರ ಕೇಳಿದ ಮ್ಯಾಲ ಹೆಂಗ ಮಾಡ್ಲಿ? ಹಾಲಿಗೆ ನೀರ ಹಾಕ್ಲಾರದಾಕಿ ಕಾಗದಕ್ಕ ಹಾಕ್ಲೇನು?"

ಕಾಕಾ ಸಿಟ್ಟಿನಿಂದ ಸುಜಾತಾಳ ಕಡೆ ತಿರುಗಿದ. "ನೋಡಿದ್ಯಾ ನಿನ್ನ ಓದು! ನೀನರ ಮಾಡು, ನಿನಗ ಸೀರಿ ಐತಿ. ಸುಳ್ಳಲ್ಲ ಅದು."

ಸುಜಾತಾಳ ಕೈಯಲ್ಲಿ ಕಾಗದ ಇನ್ನೂ ಇತ್ತು. ಅದರಲ್ಲಿ ಈಗ ಓದಿ ಹೇಳುವಂಥದ್ದೇನೂ ಉಳಿದಿರಲಿಲ್ಲ. "ನಾನೂ ಮಾಡಂಗಿಲ್ರಿ," ಎಂದಳು. ದನಿ ನಡುಗಿತು. ಆದರೆ ಎಲ್ಲರಿಗೂ ಕೇಳಿತು.

*

ಶ್ರೀಶೈಲ ಮೂರು ದಿನ ಕಾಕಾನ ಮನೆಯಲ್ಲಿ ಉಂಡ. ಬಾಳವ್ವ ದಿನವೂ ಅವನ ಲೆಕ್ಕದ ರೊಟ್ಟಿ ಬಡಿದಳು, ದಿನವೂ ಅವು ಉಳಿದವು.

"ನಿಮ್ಮ ಮಗನ ಸಿಟ್ಟು ತಿಂದು ಎಮ್ಮಿ ದಪ್ಪ ಆಗಾಕತ್ತೈತ್ರಿ ಅತ್ತಿ," ಎಂದಳು ಲಕ್ಷ್ಮೀ, ಹಳೆಯ ರೊಟ್ಟಿ ಬುಟ್ಟಿಗೆ ಮುರಿಯುತ್ತ. ನಗಲಿಲ್ಲ. ಸುಜಾತಾಳ ಜೊತೆ ಆಕೆಯೂ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ, ಪಂಚಮಿಯ ಶೇಂಗಾ ಉಂಡಿಗೆ ಬೆಲ್ಲ ಕುಟ್ಟುವಾಗ, ತಾನಾಗಿಯೇ ಕೇಳಿದಳು:

"ನನ್ನ ಕಾಗದದಾಗೂ ಆ ಸಾಲ ಇದ್ದಿರಬೇಕಲ್ಲ? ಸಂತೋಷದಿಂದ ಅಂತ."

"ಇದ್ದಿರಬೇಕು ವೈನಿ."

"ಹತ್ತನೇತ್ತ ಪಾಸಾಗೇನಿ ನಾ. ಓದಾ ಬರತೈತಿ." ಕುಟ್ಟಾಣಿ ಎರಡು ಸಲ ಎದ್ದು ಬಿತ್ತು. "ಓದಲಿಲ್ಲ ನೋಡು."

ನಾಲ್ಕನೇ ದಿನ ಪೈಪ್‌ಲೈನಿನ ಎಂಟು ಮಂದಿ ಕಟ್ಟೆಯ ಮೇಲೆ ಕೂಡಿದರು. ಶ್ರೀಶೈಲ ತಲೆ ತಗ್ಗಿಸಿ, ತಮ್ಮದು ಮೂರು ಹೆಸರಿನ ಉತಾರ ಎಂದ. ಮುಂದಾಳು ಗುಡ್ಡಪ್ಪ, "ಹಂಗಾರ ಮೂರ ಸಹಿ ತಗೊಂಡ ಬಾ, ಅದಕ್ಕೇನು? ನಮ್ಮದು ಐದ ಹೆಸರಿಂದು," ಎಂದ. ಅಷ್ಟಕ್ಕೇ ಮುಗಿಯಿತು. ಶ್ರೀಶೈಲ ಆ ಮಧ್ಯಾಹ್ನ ಮನೆಗೆ ಬಂದು ಕಾಗದವನ್ನು ತಾಯಿಯ ಮುಂದೆ ಹಿಡಿದ. ಸುಜಾತಾ ಓದಿ ಹೇಳಿದಳು. ನೀರಿನ ಪಾಳಿ, ಪೈಪಿನ ದುರಸ್ತಿ, ಅಷ್ಟೇ. ಬಾಳವ್ವ ಸಹಿ ಮಾಡಿ, "ಉಣ್ಣು," ಎಂದಳು.

ಅವನು ಕೂತ. "ಪ್ರತಿ ಸರ್ತಿ ಹಿಂಗ ಎಲ್ಲಾರನ್ನೂ ಹುಡಕಬೇಕು ನಾ," ಎಂದು ಗೊಣಗಿದ.

"ಹುಡುಕು. ನಾವೇನ್ ಓಡಿ ಹೋಗಂಗಿಲ್ಲ."

ಪಂಚಮಿಗೆ ರುದ್ರವ್ವತ್ತಿ ಬಂದಳು. ಹುಕ್ಕೇರಿಯ ಸುದ್ದಿ ಅವಳಿಗಿಂತ ಮೊದಲೇ ಕೊಣ್ಣೂರು ಮುಟ್ಟಿತ್ತು. ಅಂಗಳದಲ್ಲಿ ನಿಂತು ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, "ಇನ್ನಾ ತೆರದ ಐತೆಲ್ಲಬೇ!" ಎಂದಳು. ಎಲ್ಲರೂ ನಕ್ಕರು, ಶ್ರೀಶೈಲನೊಬ್ಬನನ್ನು ಬಿಟ್ಟು. ಕಾಕಾ ಆ ವರ್ಷ ಉಂಡಿ ತಿನ್ನಲು ಬರಲಿಲ್ಲ.

ಸಂಜೆ ಶ್ರೀಶೈಲ ಆ ಪೊಟ್ಟಣ ತಂದು ತಂಗಿಯ ಪಕ್ಕದಲ್ಲಿ ಇಟ್ಟ. "ಅಂಗಡ್ಯಾಂವ ಹೊಳ್ಳಿ ತಗೋಳಂಗಿಲ್ಲಂತ."

ಅತ್ತಿ ಸುಜಾತಾಳ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಖಣ, ಗಿಳಿಹಸಿರು ಸೀರೆ. ಕೊಬ್ಬರಿ ಬಟ್ಟಲು ಒಂದು ಹೆಚ್ಚಿಗೆ ಇತ್ತು. ಅತ್ತಿ ಅದನ್ನು ಕೈಯಲ್ಲಿ ಹಿಡಿದುಕೊಂಡು, ತಮ್ಮನ ಹೆಂಡತಿಯ ಕಡೆ ಒಮ್ಮೆ ನೋಡಿ, ಮತ್ತೆ ತಾಟಿನಲ್ಲೇ ಇಟ್ಟಳು. ಬಾಳವ್ವ ಅದನ್ನು ಕಂಡಳು. ಮರುದಿನ ಚಟ್ನಿಗೆ ಹಾಕಿದಳು.

*

ಮುಂದಿನ ರವಿವಾರ ಪೂನಮ್ ಬಂದಳು, ಹಳೆಯ ಫಾರ್ಮು ಮತ್ತು ಕೆಂಪು ಪೆನ್ನು ಹಿಡಿದುಕೊಂಡು. ಲಕ್ಷ್ಮೀ ಕಪಾಟಿನಿಂದ ಕಾಗದದ ಕಪ್ಪು ತೆಗೆಯುತ್ತಿದ್ದಳು. ಬಾಳವ್ವ ಏನೂ ಹೇಳದೆ ಸ್ಟೀಲಿನ ಕಪ್ಪಿಗೆ ಚಹಾ ಸೋಸಿ, ತಾನೇ ಹೊರಗೆ ತಂದು ಪೂನಮ್‌ಗೆ ಕೊಟ್ಟು, ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಶ್ರೀಶೈಲ ಕುರ್ಚಿಯಲ್ಲಿ ಮೊಬೈಲು ನೋಡುತ್ತಿದ್ದ. ಸುಜಾತಾ ಮತ್ತೆ ಹೊಸ್ತಿಲ ಮೇಲೆ. ಈ ಸಲ ಯಾರೂ ಬೈಯಲಿಲ್ಲ.

"ಹದಿನೇಳನೇದು, ಕಾಕೂ. ಈ ಮನಿ ಹೆಣ್ಣಮಕ್ಕಳ ಹೆಸರಿನ್ಯಾಗ ಜಮೀನು ಐತೇನ್ರಿ?"

ಶ್ರೀಶೈಲ ಬಾಯಿ ತೆರೆದ, ಮುಚ್ಚಿದ.

"ಐತಿ ಅಂದ್ರ ಸರಕಾರದವರು ಏನರ ಕೊಡ್ತಾರೇನು?" ಎಂದಳು ಬಾಳವ್ವ.

"ಏನೂ ಕೊಡಂಗಿಲ್ರಿ."

"ಕಸಗೋತಾರೇನು?"

"ಇಲ್ರಿ. ಬರಕೊಂಡ ಹೋಗೂದಷ್ಟ."

"ಹಂಗಾರ ಖರೇದ್ದ ಬರಕೋ. ಐತಿ. ಇಬ್ಬರ ಹೆಸರಿನ್ಯಾಗ."

ಪೂನಮ್ ಇಲ್ಲ ಎಂಬುದರ ಮೇಲೆ ಕೆಂಪು ಗೆರೆ ಎಳೆದು, ಬಾಜೂ ಚೌಕದಲ್ಲಿ ಗುರುತು ಹಾಕಿದಳು. "ಹದಿನೆಂಟನೇದು. ಆ ಜಮೀನಿನ ಉತ್ಪನ್ನ ಯಾರ ಖಾತೆಕ್ಕ ಬರತೈತ್ರಿ?"

ಹಿತ್ತಲಲ್ಲಿ ಎಮ್ಮೆ ಕೊರಳು ಅಲ್ಲಾಡಿಸಿದ ಸದ್ದು. ಬಾಳವ್ವ ಮಗನ ಕಡೆ ನೋಡಿದಳು.

"ನನ್ನ ಖಾತೆಕ್ಕ," ಎಂದ ಶ್ರೀಶೈಲ, ಮೊಬೈಲಿನಿಂದ ಕಣ್ಣೆತ್ತದೆ.

"ಅದೂ ಖರೇನ," ಎಂದಳು ಬಾಳವ್ವ. "ಬರಕೋ ಅದನ್ನೂ."